ದಾರಿ ಹಲವು, ಕಡಲು ಒಂದೇ

2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾ ಸಮೀಪ ಕೆಂಪು ಸಮುದ್ರದಡಿಯ ಆಪ್ಟಿಕಲ್ ಫೈಬರ್ ಕೇಬಲ್‌ಗಳು ತುಂಡಾದಾಗ ಭಾರತದಲ್ಲೂ ಅಂತರ್ಜಾಲದ ವೇಗ ಕುಸಿಯಿತು. 2008ರ ಜನವರಿಯಲ್ಲಿ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್‌ಗಳು ಕಡಿದಾಗ ನಮ್ಮ ಹೊರಗುತ್ತಿಗೆ ಉದ್ಯಮ ಇದೇ ಪಾಡು ಅನುಭವಿಸಿತ್ತು.

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಕ್ರಮಿಸುತ್ತದೆ. ಒಂದು ಮಾರ್ಗ ಮುಚ್ಚಿದರೆ ರೂಟರ್‌ಗಳು ತಾವಾಗಿಯೇ ಮತ್ತೊಂದನ್ನು ಹುಡುಕುತ್ತವೆ. ಆದರೆ ಆ ಮಾರ್ಗದಲ್ಲಿ ಜಾಗವಿರಬೇಕಲ್ಲ! ಮುಂಬೈಯಿಂದ ಯುರೋಪಿಗೆ ಸಾಗುವ ಕೇಬಲ್‌ಗಳ ಹೆಸರು ಬೇರೆ, ಒಡೆಯರು ಬೇರೆ. ಹಾದುಹೋಗುವ ಕಡಲು ಮಾತ್ರ ಬಹುತೇಕ ಒಂದೇ. ಚೆನ್ನೈ ಮೂಲಕ ಸಿಂಗಪುರದತ್ತ ತಿರುಗಿಸಿದರೆ ಯುರೋಪಿನ ದೂರವೂ ವಿಳಂಬವೂ ಹೆಚ್ಚು. ಎರಡು ಕಂಪನಿಗಳಿಂದ ಸಂಪರ್ಕ ಪಡೆದು ನಿಶ್ಚಿಂತರಾದವರು ಅವೆರಡೂ ಯಾವ ಕಡಲಲ್ಲಿ ಸಾಗುತ್ತವೆ ಎಂದು ವಿಚಾರಿಸುವುದು ಒಳಿತು. 2024ರ ಆರಂಭದಲ್ಲಿ ಯೆಮನ್ ಬಳಿ ಕಡಿದ ಕೇಬಲ್‌ಗಳ ದುರಸ್ತಿ, ಅನುಮತಿಗಾಗಿಯೇ ತಿಂಗಳುಗಟ್ಟಲೆ ಕಾಯಬೇಕಾಯಿತು.