ರೂಮ್ ವಿಚಾರ: ಗೋಡೆಗೆ ತೂತು ಹೊಡೆಯದೆ ಪರದೆ ಹಾಕುವುದು ಹೇಗೆ?

ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ ಆರೂವರೆಗೆ ರೂಮಿಗೆ ಬರುವವರ ಕಷ್ಟ, ನೈಟ್ ಡ್ಯೂಟಿ ಮಾಡಿದವರಿಗೇ ಗೊತ್ತು. ಜೂನ್ ತಿಂಗಳಲ್ಲಿ ದುಬೈಯಲ್ಲಿ ಐದೂವರೆಗೆಲ್ಲ ಸೂರ್ಯ ಹುಟ್ಟುತ್ತಾನೆ. ನೀವು ದಿಂಬಿಗೆ ತಲೆ ಕೊಡುವ ಹೊತ್ತಿಗೆ ಕಿಟಕಿಯಲ್ಲಿ ಕಣ್ಣು ಕುಕ್ಕುವ ಬಿಸಿಲು. ಬೆಳಕು ಕಣ್ಣಿಗೆ ಬಿದ್ದರೆ ಮೆದುಳು "ಹಗಲಾಯ್ತು, ಏಳು" ಅಂತ ಹೇಳ್ತದೆ. ನಿದ್ದೆ ತರುವ ಹಾರ್ಮೋನು ಕಡಿಮೆ ಆಗ್ತದೆ. ಎರಡು ದಿನ ಸರಿಯಾಗಿ ಮಲಗದವರು ಮೂರನೇ ದಿನ ಫೋರ್ಕ್‌ಲಿಫ್ಟ್ ಓಡಿಸುವಾಗ, ಸ್ಕ್ಯಾಫೋಲ್ಡಿಂಗ್ ಹತ್ತುವಾಗ ಏನಾಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಪರದೆ ಅಂದರೆ ಬರೀ ಅಲಂಕಾರದ ವಿಷಯ ಅಲ್ಲ.

ಊರಲ್ಲಾದರೆ ಎರಡು ಮೊಳೆ ಹೊಡೆದು, ಪ್ಲಾಸ್ಟಿಕ್ ಹೊದಿಕೆಯ ಸ್ಪ್ರಿಂಗ್ ಎಳೆದು ಸಿಕ್ಕಿಸಿ, ಅಮ್ಮನ ಹಳೆ ಸೀರೆ ಇಳಿಬಿಟ್ಟರೆ ಮುಗೀತು. ಇಲ್ಲಿ ಗೋಡೆ ನಮ್ಮದಲ್ಲ. ದುಬೈಯ ಬಾಡಿಗೆ ಕಾನೂನು, ಅಂದರೆ 2007ರ 26ನೇ ಕಾನೂನಿನ 19ನೇ ಕಲಂ ಪ್ರಕಾರ, ಓನರ್ ಒಪ್ಪಿಗೆ ಇಲ್ಲದೆ ಬಾಡಿಗೆದಾರ ಮನೆಯಲ್ಲಿ ಬದಲಾವಣೆ ಮಾಡುವ ಹಾಗಿಲ್ಲ. 21ನೇ ಕಲಂ ಪ್ರಕಾರ, ಬಿಡುವಾಗ ಮನೆಯನ್ನು ಸಿಕ್ಕಿದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು, ದಿನನಿತ್ಯದ ಬಳಕೆಯಿಂದ ಆಗುವ ಸವೆತ ಮಾತ್ರ ಬಿಟ್ಟು. ಬೆಡ್‌ಸ್ಪೇಸ್‌ನಲ್ಲಿ ಇರುವವರ ಸ್ಥಿತಿ ಇನ್ನೂ ನಾಜೂಕು. ಎಗ್ರಿಮೆಂಟ್ ಇರುವುದು ರೂಮ್ ಹಿಡಿದವರ ಹೆಸರಲ್ಲಿ, ನಿಮ್ಮ ಡಿಪಾಸಿಟ್ ಇರುವುದು ಅವರ ಕೈಯಲ್ಲಿ. ನಾಲ್ಕು ತೂತು ತೋರಿಸಿ "ಪೈಂಟಿಂಗ್ ಖರ್ಚು" ಅಂತ ಹಿಡಿದುಕೊಂಡರೆ ವಾದ ಮಾಡಿ ಗೆಲ್ಲುವುದು ಕಷ್ಟ.

ತೂತು ಹೊಡೆಯದೆಯೇ ಕೆಲಸ ಆಗುವ ಸಾಮಾನು ಇದೆ: ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ಟೆನ್ಷನ್ ರಾಡ್. ಕೆಲವರು ಸ್ಪ್ರಿಂಗ್ ರಾಡ್ ಅಂತಾರೆ. ಬೆಲೆ ಹೆಚ್ಚಿಲ್ಲ, ಆದರೆ ತಪ್ಪು ಸೈಜ್ ತಂದು, ತಪ್ಪು ರೀತಿ ಕೂರಿಸಿ, ಮಧ್ಯರಾತ್ರಿ ಮುಖದ ಮೇಲೆ ಬಿದ್ದ ಮೇಲೆ "ಇದು ವೇಸ್ಟ್" ಅಂತ ಬಿಸಾಡುವವರೇ ಜಾಸ್ತಿ.

ಅದು ನಿಲ್ಲುವುದು ಹೇಗೆ?

ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ. ಎರಡು ತುದಿಗೂ ರಬ್ಬರ್ ಟೊಪ್ಪಿ. ಒಳಗೆ ಸ್ಪ್ರಿಂಗ್ ಇರ್ತದೆ, ಇಲ್ಲದಿದ್ದರೆ ಸ್ಕ್ರೂ. ರಾಡ್ ಎರಡು ಗೋಡೆಗಳ ಮಧ್ಯೆ ಕೂತು ಎರಡೂ ಕಡೆಗೆ ಒತ್ತುತ್ತದೆ. ಆ ಒತ್ತಡ, ಮತ್ತೆ ರಬ್ಬರಿಗೂ ಗೋಡೆಗೂ ನಡುವಿನ ಹಿಡಿತ, ಇವೆರಡೇ ಅದನ್ನು ಮೇಲೆ ನಿಲ್ಲಿಸುವುದು. ಅಂದರೆ ಎದುರು ಬದುರಾಗಿ ಎರಡು ಗಟ್ಟಿ ಗೋಡೆ ಬೇಕು. ಕಿಟಕಿ ಗೋಡೆಯಿಂದ ಸ್ವಲ್ಪ ಒಳಗೆ ಇದ್ದು, ಎರಡು ಬದಿಗೂ ಗೋಡೆಯ ದಪ್ಪ ಸಿಗುವಂತಿದ್ದರೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಕಿಟಕಿ ಗೋಡೆಯ ಸಮಕ್ಕೇ ಇದ್ದರೆ ಇದು ಆಗುವುದಿಲ್ಲ.

ಮೊದಲು ಟೇಪ್ ಹಿಡಿಯಿರಿ

ಅಂಗಡಿಗೆ ಹೋಗುವ ಮೊದಲು ಅಳತೆ ತೆಗೀರಿ. ಗೇಣು, ಮೊಳ ಲೆಕ್ಕ ಇಲ್ಲಿ ಬೇಡ. ನಮ್ಮವರು ಅಡಿ ಇಂಚಿನಲ್ಲಿ ಲೆಕ್ಕ ಹಾಕ್ತಾರೆ, ಇಲ್ಲಿ ಪೆಟ್ಟಿಗೆ ಮೇಲೆ ಸೆಂಟಿಮೀಟರ್ ಇರ್ತದೆ. ಒಂದು ಇಂಚು ಅಂದರೆ 2.54 ಸೆಂಟಿಮೀಟರ್. ನಾಲ್ಕು ಅಡಿ ಕಿಟಕಿ ಅಂದರೆ ಸುಮಾರು 122. ರಾಡ್ ಎಲ್ಲಿ ಕೂರಿಸ್ತೀರೋ ಆ ಎತ್ತರದಲ್ಲೇ ಅಗಲ ಅಳೆಯಿರಿ, ಕೆಳಗೆ ಅಳೆದು ಮೇಲೆ ಹಾಕಬೇಡಿ. ಹಳೆ ಬಿಲ್ಡಿಂಗ್‌ಗಳಲ್ಲಿ ಪ್ಲಾಸ್ಟರಿಂಗ್ ಮೇಲೊಂದು ಅಳತೆ, ಕೆಳಗೊಂದು ಅಳತೆ ಇರುವುದು ಸಾಮಾನ್ಯ.

ಹೆಚ್ಚಿನವರು ಎಡವುವುದು ಇಲ್ಲಿ. ಪೆಟ್ಟಿಗೆ ಮೇಲೆ 70–120 ಅಂತ ಇದೆ, ನಿಮ್ಮ ಕಿಟಕಿ 118. "ಸರಿಯಾಗ್ತದೆ" ಅಂತ ತರಬೇಡಿ. ಪೂರ್ತಿ ಎಳೆದಾಗ ಒಳಗಿನ ಕೊಳವೆ ಹೊರಗಿನದ್ದರೊಳಗೆ ಸ್ವಲ್ಪವೇ ಉಳಿಯುತ್ತದೆ. ರಾಡ್ ಅತಿ ದುರ್ಬಲ ಆಗುವುದು ಆ ಜೋಡಣೆಯಲ್ಲೇ. ಮೊದಲು ನಡುವೆ ಬಾಗ್ತದೆ, ಬಾಗಿದ ಮೇಲೆ ತುದಿಯ ಒತ್ತಡ ಸಡಿಲ ಆಗ್ತದೆ, ಆಮೇಲೆ ಬೀಳ್ತದೆ. ನಿಮ್ಮ ಅಳತೆ ಪೆಟ್ಟಿಗೆಯ ಎರಡು ಸಂಖ್ಯೆಗಳ ನಡುಮಧ್ಯಕ್ಕೆ ಬರುವ ಹಾಗೆ ಆರಿಸಿ. 118ರ ಕಿಟಕಿಗೆ ಮುಂದಿನ ಸೈಜ್ ತಗೊಳ್ಳಿ. ಎರಡು ರಾಡ್ ಒಂದೇ ಅಳತೆಯದ್ದಾದರೆ ದಪ್ಪ ಕೊಳವೆಯದ್ದನ್ನೇ ತಗೊಳ್ಳಿ.

ಬೀಳುವುದು ತೂಕಕ್ಕಲ್ಲ, ಎಳೆತಕ್ಕೆ

ಒಂದು ಲೆಕ್ಕ ನೋಡಿ. ಕಿಟಕಿ ಅಗಲ 120, ಪರದೆ ಉದ್ದ 150 ಸೆಂಟಿಮೀಟರ್. ನೆರಿಗೆ ಬರಬೇಕಾದರೆ ಬಟ್ಟೆ ಕಿಟಕಿಯ ಒಂದೂವರೆ ಪಾಲು ಅಗಲ ಬೇಕು, ಅಂದರೆ 180. ಒಟ್ಟು 2.7 ಚದರ ಮೀಟರ್ ಬಟ್ಟೆ. ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಬ್ಲ್ಯಾಕೌಟ್ ಬಟ್ಟೆಯಾದರೂ ತೂಕ 810 ಗ್ರಾಂ. ಒಂದು ಕಿಲೋ ಕೂಡ ಇಲ್ಲ! ಪೆಟ್ಟಿಗೆ ಮೇಲೆ ಎಷ್ಟು ಕಿಲೋ ತಡೀತದೆ ಅಂತ ಬರೆದಿರ್ತಾರೆ, ಅದನ್ನು ಓದಿ. ಸರಿಯಾಗಿ ಕೂತ ಗಟ್ಟಿ ರಾಡ್ ಇಷ್ಟು ತೂಕ ಹೊರಬಲ್ಲದು.

ಹಾಗಾದರೆ ಬೀಳುವುದು ಯಾಕೆ? ನಿದ್ದೆಗಣ್ಣಲ್ಲಿ ಎದ್ದು ಪರದೆಯನ್ನು ಕೆಳಗೆ ಹಿಡಿದು ಜಗ್ಗಿ ಎಳೀತೇವೆ. ಒದ್ದೆ ಟವೆಲ್, ಡ್ಯೂಟಿ ಕವರಾಲ್ ಅದರ ಮೇಲೆಯೇ ಒಣಗಿಸ್ತೇವೆ. ಅದಕ್ಕೇ ತೂತಿಗೆ ಲೋಹದ ಬಳೆ ಹಾಕಿದ ರಿಂಗ್ ಕರ್ಟನ್ ತಗೊಂಡರೆ ಒಳ್ಳೇದು, ಮುಟ್ಟಿದರೆ ಜಾರ್ತದೆ, ಜಗ್ಗುವ ಕೆಲಸ ಇಲ್ಲ. ಹೊಲಿಗೆಯ ಸುರಂಗದೊಳಗೆ ರಾಡ್ ತೂರಿಸುವ ಪರದೆ ಸಲೀಸಾಗಿ ಸರಿಯುವುದಿಲ್ಲ. ದಿನಾ ತೆರೆಯದ ಕಿಟಕಿಗೆ ಮಾತ್ರ ಅದು ಸಾಕು.

ಕೂರಿಸುವ ಕ್ರಮ

ರಬ್ಬರ್ ಕೂರುವ ಎರಡು ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಲು ಬಿಡಿ. ಮರಳುಗಾಳಿಯ ನುಣ್ಣನೆ ಧೂಳು, ಅಡುಗೆ ಎಣ್ಣೆಯ ಜಿಡ್ಡು ಇದ್ದರೆ ರಬ್ಬರ್ ಹಿಡಿಯುವುದಿಲ್ಲ. ಎರಡು ಬದಿಗೂ ಒಂದೇ ಎತ್ತರದಲ್ಲಿ ಪೆನ್ಸಿಲ್ ಗುರುತು ಹಾಕಿ. ಬಟ್ಟೆ ಮೊದಲೇ ರಾಡಿಗೆ ಪೋಣಿಸಿಕೊಳ್ಳಿ.

ಸ್ಪ್ರಿಂಗ್ ರಾಡ್ ಆದರೆ ಕೊಳವೆ ತಿರುಗಿಸಿ, ಕಿಟಕಿಯ ಅಗಲಕ್ಕಿಂತ ಎರಡು ಸೆಂಟಿಮೀಟರ್‌ನಷ್ಟು ಉದ್ದ ಮಾಡಿ. ಆಮೇಲೆ ಒಂದು ತುದಿ ಗೋಡೆಗಿಟ್ಟು, ಇನ್ನೊಂದನ್ನು ಒಳಗೆ ಒತ್ತಿ, ಗುರುತಿನಲ್ಲಿ ಬಿಡಿ. ಕೂತ ಮೇಲೆ ತಿರುಗಿಸಿ ಬಿಗಿ ಮಾಡಲು ಹೋಗುವವರಿದ್ದಾರೆ. ಈ ಜಾತಿಯದ್ದಕ್ಕೆ ಬಿಗಿ ಬರುವುದು ಮೊದಲೇ ಉದ್ದ ಮಾಡಿದ್ದರಿಂದ. ಸ್ಕ್ರೂ ಇರುವ ರಾಡ್ ಆದರೆ ಉಲ್ಟಾ: ಮೊದಲು ಕೂರಿಸಿ, ಆಮೇಲೆ ತುದಿಯ ಸ್ಕ್ರೂ ತಿರುಗಿಸಿ ಬಿಗಿ ಮಾಡಬೇಕು. ಯಾವ ಜಾತಿ ಅಂತ ಪೆಟ್ಟಿಗೆಯ ಚಿತ್ರ ನೋಡಿದರೆ ಗೊತ್ತಾಗ್ತದೆ. ಒಂದು ವಾರದ ನಂತರ ಒಮ್ಮೆ ಕೈಯಿಟ್ಟು ಅಲ್ಲಾಡಿಸಿ ನೋಡಿ, ಸಡಿಲ ಆಗಿದ್ದರೆ ಸರಿ ಮಾಡಿ.

ಗೋಡೆಯನ್ನು ಬೆರಳಿನಿಂದ ಬಡಿದು ನೋಡಿ. ಟೊಳ್ಳು ಶಬ್ದ ಬಂದರೆ ಅದು ಜಿಪ್ಸಮ್ ಬೋರ್ಡ್. ಅಲ್ಲಿ ಅತಿಯಾಗಿ ಬಿಗಿ ಮಾಡಿದರೆ ಬೋರ್ಡ್ ತಗ್ಗಾಗ್ತದೆ. ಅದೂ ಡಿಪಾಸಿಟ್‌ಗೆ ಹೊಡೆತವೇ. ಅಲ್ಲಿ ಹಗುರ ಬಟ್ಟೆ, ಹಗುರ ಒತ್ತಡ ಸಾಕು. ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿಗೆ ಒತ್ತಬಹುದು, ಗಾಜಿಗೆ ಒತ್ತಬೇಡಿ.

ಇಷ್ಟು ಮಾಡಿದರೂ ಬದಿಯಿಂದ ಬೆಳಕು ನುಗ್ಗಿದರೆ ಬಟ್ಟೆ ಇನ್ನೂ ಅಗಲ ತಗೊಂಡು ಎರಡು ಅಂಚನ್ನು ವೆಲ್ಕ್ರೋ ಪಟ್ಟಿಯಲ್ಲಿ ಬದಿಗೆ ಅಂಟಿಸಿ. ಗಾಜಿಗೆ ಫಾಯಿಲ್ ಅಂಟಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಹೊರಗಿನಿಂದ ಕಾಣ್ತದೆ ಅಂತ ನಾತೂರ್ ಬಂದು ತೆಗೆಸುವುದುಂಟು, ಟೇಪಿನ ಅಂಟು ಕೆರೆದು ತೆಗೆಯುವುದೂ ನಮ್ಮ ಪಾಲಿಗೇ. ಕಿಟಕಿಯಲ್ಲಿ ವಿಂಡೋ ಎಸಿ ಇದ್ದರೆ ಬಟ್ಟೆ ಅದರ ಮುಂದೆ ಬೀಳಬಾರದು. ಗಾಳಿ ಎಳೆಯುವ ಜಾಗ ಮುಚ್ಚಿದರೆ ರೂಮ್ ತಣ್ಣಗಾಗುವುದಿಲ್ಲ, ಮೆಷಿನ್ ಮಾತ್ರ ಓಡ್ತಾ ಇರ್ತದೆ. ಎರಡು ತುಂಡು ಪರದೆ ಹಾಕಿ, ಎಸಿ ಇರುವಲ್ಲಿ ಗಿಡ್ಡ ಮಾಡಿ.

ಬಾಗಿಲು ಮತ್ತು ಬಂಕ್ ಮಂಚ

ಬಾಗಿಲಿನ ಚೌಕಟ್ಟಿನಲ್ಲೂ ಟೆನ್ಷನ್ ರಾಡ್ ಚೆನ್ನಾಗಿ ಕೂರ್ತದೆ. ಬಾಗಿಲು ಯಾವ ಕಡೆ ತೆರೀತದೆ ಅಂತ ನೋಡಿ, ಅದರ ವಿರುದ್ಧ ಬದಿಯಲ್ಲಿ ಹಾಕಿ, ಇಲ್ಲದಿದ್ದರೆ ಬಾಗಿಲು ಮುಚ್ಚುವುದೇ ಇಲ್ಲ. ತಾನಾಗಿ ಮುಚ್ಚಿಕೊಳ್ಳುವ ಫೈರ್ ಡೋರ್‌ಗೆ ಮಾತ್ರ ಏನೂ ಹಾಕಬೇಡಿ.

ಬಂಕ್ ಮಂಚಕ್ಕೆ ಈ ರಾಡ್ ಹೊಂದುವುದಿಲ್ಲ. ಮಂಚದ ಕಾಲು ದುಂಡು ಪೈಪ್ ಆದರೆ ರಬ್ಬರ್ ಟೊಪ್ಪಿ ಜಾರ್ತದೆ. ಅದಕ್ಕೆ ನಮ್ಮ ಊರಿನ ಅದೇ ಪ್ಲಾಸ್ಟಿಕ್ ಹೊದಿಕೆಯ ಸ್ಪ್ರಿಂಗೇ ಸರಿ. ಎರಡು ಕಂಬಗಳ ನಡುವಿನ ಅಂತರಕ್ಕಿಂತ ಸ್ವಲ್ಪ ಗಿಡ್ಡ ಕತ್ತರಿಸಿ, ಎರಡು ತುದಿಗೂ ಹುಕ್ ತಿರುಗಿಸಿ, ಕಂಬಕ್ಕೆ ಕೇಬಲ್ ಟೈ ಬಿಗಿದು ಅದಕ್ಕೆ ಸಿಕ್ಕಿಸಿ. ಕೆಳಗಿನ ಮಂಚದವರು ಮೇಲಿನ ಮಂಚದ ಚೌಕಟ್ಟಿಗೇ ಕಟ್ಟಬಹುದು. ಹತ್ತಿಯ ತೆಳು ಬಟ್ಟೆ ಸಾಕು, ದಪ್ಪ ಬಟ್ಟೆಗೆ ಸ್ಪ್ರಿಂಗ್ ಜೋತು ಬೀಳ್ತದೆ.

ಯುಎಇಯಲ್ಲಿ ಕಾರ್ಮಿಕರ ವಸತಿಗೆ 2009ರಲ್ಲಿ ಮಾಡಿದ ನಿಯಮದಲ್ಲಿ ಒಬ್ಬರಿಗೆ ಕನಿಷ್ಠ 3 ಚದರ ಮೀಟರ್ ಜಾಗ ಇರಬೇಕು ಅಂತ ಇದೆ. ಒಂದು ಮಂಚ, ಪಕ್ಕದಲ್ಲಿ ನಿಲ್ಲಲು ಸ್ವಲ್ಪ ಜಾಗ, ಅಷ್ಟೇ. ಆ ಜಾಗದಲ್ಲಿ ಹೆಂಡತಿ ಮಕ್ಕಳ ಹತ್ತಿರ ವೀಡಿಯೋ ಕಾಲ್‌ನಲ್ಲಿ ಮಾತಾಡುವಾಗ, ಊರಿಂದ ಕೆಟ್ಟ ಸುದ್ದಿ ಬಂದು ಕಣ್ಣು ತುಂಬಿದಾಗ, ಎರಡು ಮೀಟರ್ ಬಟ್ಟೆಯೇ ನಮ್ಮ ಮನೆಯ ಬಾಗಿಲು. ಮುಚ್ಚಿದ ಪರದೆಯನ್ನು ಕೇಳದೆ ಎಳೆಯಬಾರದು ಅನ್ನುವ ಒಂದು ಮಾತು ರೂಮಿನಲ್ಲಿ ಎಲ್ಲರೂ ಒಪ್ಪಿಕೊಂಡರೆ ಅರ್ಧ ಜಗಳ ಕಡಿಮೆ ಆಗ್ತದೆ.

ಇವು ಮಾತ್ರ ಬೇಡ ಮಾರಾಯ್ರೇ

ಪರದೆ ಬಟ್ಟೆ, ಬಟ್ಟೆಗೆ ಬೆಂಕಿ ಹತ್ತಲು ಹೊತ್ತು ಬೇಡ. ಹಾಟ್‌ಪ್ಲೇಟ್, ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡ್ ಪರದೆಗೆ ತಾಗುವಂತಿರಬಾರದು. ಪರದೆ ಮುಚ್ಚಿ, ದಿಂಬಿನ ಕೆಳಗೆ ಫೋನ್ ಚಾರ್ಜಿಗಿಟ್ಟು ಮಲಗಬೇಡಿ.

ಸೀಲಿಂಗ್‌ನಲ್ಲಿ ಬಣ್ಣದ ದ್ರವ ತುಂಬಿದ ಪುಟ್ಟ ಗಾಜಿನ ನಳಿಕೆ ಇರುವ ಲೋಹದ ತುಂಡು ಕಾಣ್ತದಲ್ಲ, ಅದು ಸ್ಪ್ರಿಂಕ್ಲರ್. ಅದಕ್ಕೆ ಹಗ್ಗ, ಹ್ಯಾಂಗರ್, ಪರದೆ ಏನೂ ಕಟ್ಟಬೇಡಿ. ಆ ಗಾಜು ಒಡೆದರೆ ರೂಮೆಲ್ಲ ನೀರು. ಬಂಕ್‌ನ ಮೇಲಿನ ಮಂಚಕ್ಕೆ ಸೀಲಿಂಗ್ ತನಕ ಬಟ್ಟೆ ಎಳೆದು ಸ್ಪ್ರಿಂಕ್ಲರ್, ಹೊಗೆ ಕಂಡುಹಿಡಿಯುವ ಡಿಟೆಕ್ಟರ್ ಮುಚ್ಚುವುದೂ ಬೇಡ.

ಇನ್ನೊಂದು: ಹಾಲ್‌ನಲ್ಲಿ ಅಡ್ಡಡ್ಡ ಪರದೆ ಎಳೆದು "ರೂಮ್" ಅಂತ ಬಾಡಿಗೆಗೆ ಕೊಡುವವರಿದ್ದಾರೆ. 2025ರ ಜೂನ್‌ನಲ್ಲಿ ದುಬೈ ಮುನಿಸಿಪಾಲಿಟಿ ರಿಗ್ಗಾ, ಮುರಕ್ಕಬಾತ್, ಬರ್ಶಾ, ಸತ್ವಾ, ರಫಾ ಕಡೆ ಪರವಾನಗಿ ಇಲ್ಲದ ಪಾರ್ಟಿಷನ್‌ಗಳ ಮೇಲೆ ತಪಾಸಣೆ ಶುರು ಮಾಡಿದ್ದು ನೆನಪಿರಬಹುದು. ಬೆಂಕಿ ಬಿದ್ದಾಗ ಓಡುವ ದಾರಿ ಮುಚ್ಚಿಹೋಗ್ತದೆ ಅನ್ನುವುದು ಅದರ ಹಿಂದಿನ ದೊಡ್ಡ ಕಾಳಜಿ. ನಿಮ್ಮ ಮಂಚಕ್ಕೆ ಪರದೆ ಹಾಕುವುದು ಬೇರೆ, ಬಾಗಿಲಿಗೆ ಹೋಗುವ ದಾರಿಗೆ ಅಡ್ಡ ಹಾಕುವುದು ಬೇರೆ.

ತೂತು ಹೊಡೆಯಲೇಬೇಕಾದರೆ

ಕಿಟಕಿ ತೀರಾ ಅಗಲ, ಅಥವಾ ಎದುರು ಬದುರು ಗೋಡೆ ಇಲ್ಲ ಅಂದರೆ ಬ್ರಾಕೆಟ್ ಇರುವ ರಾಡ್ ಬೇಕಾಗ್ತದೆ. ಆಗ ರೂಮ್ ಹಿಡಿದವರ ಮೂಲಕ ಓನರ್‌ಗೆ ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದು ಕೇಳಿ, ಬಂದ ಉತ್ತರ ಉಳಿಸಿಕೊಳ್ಳಿ. ಬಾಯಿಮಾತಿನ "ಓಕೆ ಓಕೆ" ಡಿಪಾಸಿಟ್ ದಿನ ಯಾರಿಗೂ ನೆನಪಿರುವುದಿಲ್ಲ. ಕೆಲಸ ಶುರು ಮಾಡುವ ಮೊದಲು ಗೋಡೆಯ ಫೋಟೋ ತೆಗೀರಿ. ಸ್ವಿಚ್ ಅಥವಾ ಪ್ಲಗ್ ಪಾಯಿಂಟ್‌ನ ನೇರ ಮೇಲೆ, ನೇರ ಕೆಳಗೆ ಡ್ರಿಲ್ ಹಾಕಬೇಡಿ, ಗೋಡೆಯೊಳಗೆ ವಯರ್ ಹೋಗುವುದು ಅಲ್ಲೇ. ಬರೀ ಮೊಳೆ ಇಲ್ಲಿಯ ಕಾಂಕ್ರೀಟ್ ಬ್ಲಾಕ್‌ಗೆ ಹಿಡಿಯುವುದಿಲ್ಲ, ಪ್ಲಾಸ್ಟರ್ ಉದುರಿಸ್ತದೆ. ಪ್ಲಾಸ್ಟಿಕ್ ಪ್ಲಗ್ ತೂರಿಸಿ ಸ್ಕ್ರೂ ಹಾಕಬೇಕು. ರೂಮ್ ಬಿಡುವಾಗ ಪ್ಲಗ್ ಕಿತ್ತು, ಪುಟ್ಟಿ ತುಂಬಿ, ಒಣಗಿದ ಮೇಲೆ ಮರಳು ಕಾಗದದಲ್ಲಿ ಉಜ್ಜಿ ಸಮ ಮಾಡಿ.

ಟೆನ್ಷನ್ ರಾಡ್ ಹಾಕಿದವರಿಗೆ ಬಿಡುವ ದಿನ ಈ ರಗಳೆ ಇಲ್ಲ. ರಬ್ಬರಿನ ಗುರುತು ಉಳಿದಿದ್ದರೆ ಮೆಲ್ಲಗೆ ಒರೆಸಿದರಾಯ್ತು. ರಾಡ್ ಮಡಚಿ ಮುಂದಿನ ರೂಮಿಗೆ ತಗೊಂಡು ಹೋಗಬಹುದು. ಕ್ಯಾನ್ಸಲ್ ಮಾಡಿ ಊರಿಗೇ ಹೊರಟಿದ್ದರೆ ಬಿಚ್ಚಲೂ ಹೋಗಬೇಡಿ. ನಿಮ್ಮ ಮಂಚಕ್ಕೆ ಬರುವ ಹೊಸ ಹುಡುಗನಿಗೆ ಇಲ್ಲಿಯ ಮೊದಲ ಹಗಲು ನಿದ್ದೆ ಚೆನ್ನಾಗಿ ಬರಲಿ.