ಸೂರಿಲ್ಲದವನಿಗೆ ಚೆಂಡೇಕೆ?

ತಲೆಯ ಮೇಲೆ ಸೂರಿಲ್ಲದವನಿಗೆ ಮೊದಲು ಬೇಕಾದುದು ಮನೆಯೋ, ಚೆಂಡೋ? ಈ ಪ್ರಶ್ನೆ ಕೇಳುವ ಸದ್ಗೃಹಸ್ಥರು ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಕೇಳುತ್ತಾರೆ. “ಮನೆಯಿಲ್ಲದವರ ವಿಶ್ವಕಪ್ಪಂತೆ! ಬೀದಿಯಲ್ಲಿ ಮಲಗುವವನನ್ನು ಕರೆತಂದು, ದೇಶದ ಹೆಸರಿನ ಅಂಗಿ ತೊಡಿಸಿ, ವಿಮಾನದಲ್ಲಿ ಕೂರಿಸಿ, ಒಂದು ವಾರ ಚೆಂಡು ಒದೆಯಿಸಿ, ಮತ್ತೆ ಬೀದಿಗೇ ಬಿಡುವುದು ಎಂಥ ಉಪಕಾರ? ಆ ದುಡ್ಡಿನಲ್ಲಿ ನಾಲ್ಕು ಮನೆ ಕಟ್ಟಿಸಬಾರದಿತ್ತೆ?” ಕೇಳುವುದಕ್ಕೆ ಮಾತು ವಿವೇಕದ್ದಾಗಿಯೇ ಇದೆ. ಆ ವಿವೇಕದ ಬೆನ್ನನ್ನೂ ಒಮ್ಮೆ ತಿರುಗಿಸಿ ನೋಡಬೇಕೆಂಬುದಷ್ಟೇ ನನ್ನ ವಿನಂತಿ.

ಮೊದಲು ಸಂಗತಿ ಏನೆಂಬುದನ್ನು ತಿಳಿಯೋಣ. ಪರದೇಶಗಳ ಅನೇಕ ನಗರಗಳಲ್ಲಿ ‘ಬೀದಿಪತ್ರಿಕೆ’ಗಳೆಂಬುವು ಇವೆ. ನೆಲೆಯಿಲ್ಲದವರು ಅವನ್ನು ರಸ್ತೆಯ ಬದಿಯಲ್ಲಿ ನಿಂತು ಮಾರಿ, ಬಂದುದರಲ್ಲಿ ಒಂದು ಪಾಲನ್ನು ತಮ್ಮ ಜೀವನಕ್ಕೆ ಇಟ್ಟುಕೊಳ್ಳುತ್ತಾರೆ. ಅಂಥ ಪತ್ರಿಕೆಗಳವರು ೨೦೦೧ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಸಮ್ಮೇಳನ ಸೇರಿದ್ದಾಗ, ಸ್ಕಾಟ್ಲೆಂಡಿನ ಮೆಲ್ ಯಂಗ್, ಆಸ್ಟ್ರಿಯದ ಹೆರಾಲ್ಡ್ ಶ್ಮೀಡ್ ಎಂಬಿಬ್ಬರಿಗೆ ಒಂದು ಯೋಚನೆ ಹೊಳೆಯಿತು. ಸಮ್ಮೇಳನಕ್ಕೆ ಸಂಪಾದಕರು ಬರುತ್ತಾರೆ. ಪತ್ರಿಕೆ ಮಾರುವವನು ಬರುವುದಿಲ್ಲ. ಅವನೂ ದೇಶದೇಶಗಳ ತನ್ನಂಥವರನ್ನು ಕಾಣುವ ಬಗೆ ಏನು? ಎಲ್ಲರಿಗೂ ತಿಳಿದ ಭಾಷೆಯೆಂದರೆ ಕಾಲ್ಚೆಂಡು. ೨೦೦೩ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಹದಿನೆಂಟು ದೇಶಗಳ ತಂಡಗಳು ಸೇರಿ ಮೊದಲ ಪಂದ್ಯಾವಳಿ ನಡೆಸಿದವು. ಮಹಾಮಾರಿಯ ವರ್ಷಗಳಾದ ೨೦೨೦ರಿಂದ ೨೦೨೨ರವರೆಗಿನ ಬಿಡುವನ್ನು ಕಳೆದರೆ, ಅದು ಊರಿಂದೂರಿಗೆ ನಡೆದುಕೊಂಡು ಬಂದಿದೆ. ೨೦೦೮ರಿಂದ ಸ್ತ್ರೀಯರಿಗೆ ಪ್ರತ್ಯೇಕ ಸ್ಪರ್ಧೆಯೂ ಇದೆ.

ಆಟದ ಕಟ್ಟಳೆಗಳೂ ಸ್ವಾರಸ್ಯವಾಗಿವೆ. ಹನ್ನೊಂದು ಮಂದಿಯಿಲ್ಲ; ಕಣದಲ್ಲಿ ಒಂದು ಕಡೆಗೆ ನಾಲ್ಕೇ ಜನ. ಅರ್ಧಕ್ಕೆ ಏಳು ನಿಮಿಷದಂತೆ ಎರಡು ಅರ್ಧ. ಕಣದ ಉದ್ದ ೨೨ ಮೀಟರು, ಅಗಲ ೧೬ ಮೀಟರು. ಸೋತ ತಂಡವನ್ನು ಮೂರನೆಯ ದಿನ ಮೂಟೆ ಕಟ್ಟಿಸಿ ಮನೆಗೆ ಕಳಿಸುವ ಪದ್ಧತಿಯಿಲ್ಲ, ಕಳಿಸಲು ಮನೆಯಾದರೂ ಎಲ್ಲಿ? ಎಲ್ಲ ತಂಡಗಳೂ ಕೊನೆಯವರೆಗೆ ಒಂದಲ್ಲ ಒಂದು ದರ್ಜೆಯ ಕಪ್ಪಿಗಾಗಿ ಆಡುತ್ತಿರುತ್ತವೆ. ಆಟಗಾರನಿಗೆ ಹದಿನಾರು ತುಂಬಿರಬೇಕು. ಈಚಿನ ದಿನಗಳಲ್ಲಿ ನೆಲೆಯಿಲ್ಲದೆ ಬಾಳಿದವನೋ, ಬೀದಿಪತ್ರಿಕೆ ಮಾರಿ ಬದುಕುವವನೋ, ಆಶ್ರಯ ಬೇಡಿ ಪರದೇಶಕ್ಕೆ ಬಂದವನೋ ಆಗಿರಬೇಕು. ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆ ಇನ್ನೊಂದಿದೆ: ಒಬ್ಬ ಮನುಷ್ಯ ಜನ್ಮದಲ್ಲಿ ಒಂದೇ ಸಲ ಇಲ್ಲಿ ಆಡಬಹುದು. ಎಷ್ಟೇ ನಿಪುಣನಾಗಿರಲಿ, ಮರುವರ್ಷ ಅವನ ಜಾಗ ಇನ್ನೊಬ್ಬನದು. ನೆಲೆಯಿಲ್ಲದಿರುವುದನ್ನೇ ಕಸುಬು ಮಾಡಿಕೊಳ್ಳಲು ಇಲ್ಲಿ ಅವಕಾಶವಿಲ್ಲ.

ಈಗ ನಮ್ಮ ಸದ್ಗೃಹಸ್ಥರ ಮಾತಿಗೆ ಬರೋಣ. ‘ಗೃಹಸ್ಥ’ ಎಂಬ ಮಾತನ್ನೇ ನೋಡಿ. ಮನೆಯುಳ್ಳವನು ಎಂಬುದು ಅದರ ಅರ್ಥ. ಮರ್ಯಾದಸ್ಥ ಎಂಬುದು ನಾವು ಅದಕ್ಕೆ ಹತ್ತಿಸಿಕೊಂಡ ಅರ್ಥ. ‘ಮನೆ ಮಠ ಇಲ್ಲದವನು’ ಎಂಬುದು ನಮ್ಮಲ್ಲಿ ಬೈಗುಳ. ಮನೆ ಹೋದವನಿಗೆ ಮರ್ಯಾದೆಯೂ ಹೋಯಿತೆಂದು ನಮ್ಮ ನುಡಿಯೇ ತೀರ್ಪು ಕೊಟ್ಟಾಗಿದೆ. ಆಮೇಲೆ ಅವನು ಆಡಬಾರದು, ನಗಬಾರದು, ಹೊಸ ಅಂಗಿ ತೊಡಬಾರದು. ಸದಾ ಕೈಚಾಚಿಕೊಂಡು ನಮ್ಮ ಕರುಣೆಗೆ ಪಾತ್ರನಾಗಿ ಕೂತಿರಬೇಕು. ನಗರದ ನಡುವೆ ಎಕರೆಗಟ್ಟಲೆ ಹುಲ್ಲುಹಾಸಿನ ಮೇಲೆ ಗಾಲ್ಫ್ ಆಡುವ ಶ್ರೀಮಂತರನ್ನು, “ಸ್ವಾಮಿ, ಬ್ಯಾಂಕಿನ ಸಾಲ ತೀರಿಸಿದಿರಾ? ತೀರಿಸಿ ಆಮೇಲೆ ಆಡಿ” ಎಂದು ಯಾರಾದರೂ ಕೇಳಿದ್ದುಂಟೆ? ಆಟಕ್ಕೆ ಅರ್ಹತಾಪತ್ರ ಕೇಳುವುದು ಬಡವನನ್ನು ಮಾತ್ರ.

ಈ ಪಂದ್ಯಾವಳಿಯ ನಿಜವಾದ ಬೆಲೆ ಅದು ನಡೆಯುವ ಜಾಗದಲ್ಲಿದೆ ಎಂದು ನನ್ನ ಅಭಿಪ್ರಾಯ. ೨೦೦೫ರಲ್ಲಿ ಅದು ಎಡಿನ್‌ಬರೋದ ಪ್ರಿನ್ಸಸ್ ಸ್ಟ್ರೀಟ್ ಉದ್ಯಾನದಲ್ಲಿ ನಡೆಯಿತು. ೨೦೧೧ರಲ್ಲಿ ಪ್ಯಾರಿಸಿನ ಐಫೆಲ್ ಗೋಪುರದ ಬುಡದಲ್ಲಿ. ೨೦೧೬ರಲ್ಲಿ ಗ್ಲಾಸ್ಗೋದ ಜಾರ್ಜ್ ಚೌಕದಲ್ಲಿ. ೨೦೧೮ರಲ್ಲಿ ಮೆಕ್ಸಿಕೋ ನಗರದ ಸೋಕಲೋ ಎಂಬ ರಾಜಚೌಕದಲ್ಲಿ. ಬೇರೆ ದಿನಗಳಲ್ಲಿ ಇಂಥ ಚೌಕಗಳ ಬೆಂಚಿನ ಮೇಲೆ ಮಲಗಿದವನನ್ನು ಪೋಲೀಸಿನವನು ಎಬ್ಬಿಸಿ ಮುಂದಕ್ಕೆ ದಬ್ಬುತ್ತಾನೆ. ಆ ಒಂದು ವಾರ ಮಾತ್ರ, ಅವನು ಅದೇ ಚೌಕದ ನಡುವೆ ನಿಲ್ಲುತ್ತಾನೆ. ಊರು ಸುತ್ತ ಕೂತು ಅವನ ಹೆಸರು ಹಿಡಿದು ಕೂಗುತ್ತದೆ. ಕಂಡೂ ಕಾಣದಂತೆ ದಾಟಿಹೋಗುತ್ತಿದ್ದ ಕಣ್ಣುಗಳು ಅಂದು ಅವನನ್ನು ನೋಡಲೇಬೇಕು.

ನಮ್ಮ ಪದ್ಧತಿ ಇದಕ್ಕೆ ತೀರ ವಿರುದ್ಧವಾದುದು: ಕಣ್ಣಿಂದ ಮರೆಮಾಡುವುದು. ಕರ್ನಾಟಕದಲ್ಲಿ ೧೯೭೫ರ ಭಿಕ್ಷಾಟನೆ ನಿಷೇಧ ಕಾಯಿದೆಯಿದೆ. ಬೇಡುವವನನ್ನು ಹಿಡಿದು ಕೇಂದ್ರದಲ್ಲಿಡಲು ಅದು ಅಧಿಕಾರ ಕೊಡುತ್ತದೆ. ಅದರ ವೆಚ್ಚಕ್ಕೆಂದು ಮನೆಯುಳ್ಳ ನಾವೆಲ್ಲ ಆಸ್ತಿ ತೆರಿಗೆಯ ಜತೆಗೆ ನೂರಕ್ಕೆ ಮೂರರಂತೆ ಭಿಕ್ಷುಕರ ಕರವನ್ನೂ ತೆರುತ್ತೇವೆ. ರಸೀತಿಯನ್ನು ಮಡಿಸಿಟ್ಟರೆ ನಮ್ಮ ಧರ್ಮ ಮುಗಿಯಿತು. ೨೦೧೦ರ ಆಗಸ್ಟಿನಲ್ಲಿ ಬೆಂಗಳೂರಿನ ಆ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಾಗ ಊರು ಒಂದಿಷ್ಟು ಬೆಚ್ಚಿತು, ಆಮೇಲೆ ಮರೆಯಿತು. ಮನೆಯಿಲ್ಲದವರೆಲ್ಲ ಭಿಕ್ಷುಕರಲ್ಲ, ಬಹುಮಂದಿ ದುಡಿದು ತಿನ್ನುವವರೇ, ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಆದರೆ ರಾತ್ರಿ ಕಾಲುದಾರಿಯ ಮೇಲೆ ಮಲಗಿದ ಮೇಲೆ ನಮ್ಮ ಕಣ್ಣಿಗೆ ಇಬ್ಬರೂ ಒಂದೇ.

ಎದುರುಪಕ್ಷದವರಲ್ಲಿ ಇದಕ್ಕಿಂತ ಗಟ್ಟಿಯಾದ ಮಾತುಗಳೂ ಇವೆ. ಅವನ್ನು ಮುಚ್ಚಿಡುವುದು ನ್ಯಾಯವಲ್ಲ. ಮನೆಯಿಲ್ಲದವನಿಗೆ ದೇಶದ ಬಾವುಟವೇಕೆ? ವಿಳಾಸವೇ ಇಲ್ಲದವನಿಗೆ ಪಾಸ್‌ಪೋರ್ಟು ಎಲ್ಲಿಂದ ಬರಬೇಕು? ಎಡಿನ್‌ಬರೋದ ಪಂದ್ಯಾವಳಿಗೆ ಆಫ್ರಿಕದ ಹಲವು ತಂಡಗಳು ಬರಲಾಗಲೇ ಇಲ್ಲ. ಬ್ರಿಟಿಷ್ ಸರಕಾರ ವೀಸಾ ನಿರಾಕರಿಸಿತು. ಬಡವರನ್ನು ಕರೆದ ಹಬ್ಬದ ಬಾಗಿಲಲ್ಲಿ ತೀರ ಬಡವರನ್ನೇ ತಡೆದಂತಾಯಿತು. ೨೦೨೩ರಲ್ಲಿ ಪಂದ್ಯಗಳು ನಡೆದುದು ಅಮೆರಿಕದ ಸ್ಯಾಕ್ರಮೆಂಟೊದ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ. ಅದು ಕ್ಯಾಲಿಫೋರ್ನಿಯದ ರಾಜಧಾನಿ. ಅಷ್ಟು ಸಂಪತ್ತಿನ ಆ ಸಂಸ್ಥಾನದಲ್ಲಿ ಲಕ್ಷಕ್ಕೂ ಮಿಕ್ಕ ಜನ ನೆಲೆಯಿಲ್ಲದೆ ಇದ್ದಾರೆ. ಚಪ್ಪಾಳೆಯಿಂದ ಅಲ್ಲಿ ಒಂದು ಕೋಣೆಯೂ ಏಳಲಿಲ್ಲ. ಇದೆಲ್ಲ ನಿಜ. ಆದರೆ ಈ ದೋಷಗಳು ಯಾರವು? ವೀಸಾ ನಿರಾಕರಿಸಿದುದು ಚೆಂಡಲ್ಲ. ಮನೆ ಕಟ್ಟದೆ ಬಿಟ್ಟುದೂ ಚೆಂಡಲ್ಲ. ಚೆಂಡು ಮಾಡಿದುದಿಷ್ಟೆ: ಮುಚ್ಚಿದ್ದ ಬಾಗಿಲು ಮುಚ್ಚಿದೆಯೆಂಬುದನ್ನು ಲೋಕಕ್ಕೆ ತೋರಿಸಿತು.

ನಮ್ಮ ದೇಶವೂ ಈ ಪಂದ್ಯಾವಳಿಗೆ ಹೊರಗಲ್ಲ. ನಾಗಪುರದ ಕಾಲೇಜೊಂದರಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ವಿಜಯ ಬಾರ್ಸೆಯವರು, ಕೊಳೆಗೇರಿಯ ಹುಡುಗರು ಮಳೆಯಲ್ಲಿ ಮುರಿದ ಬಕೆಟ್ಟನ್ನು ಒದೆದು ಆಡುವುದನ್ನು ಕಂಡು ೨೦೦೧ರಲ್ಲಿ ಆರಂಭಿಸಿದ ‘ಸ್ಲಂ ಸಾಕರ್’ ಸಂಸ್ಥೆ ಭಾರತದ ತಂಡಗಳನ್ನು ಅಲ್ಲಿಗೆ ಕಳಿಸುತ್ತ ಬಂದಿದೆ. ಅವರ ಕಥೆಯನ್ನು ನಾಗರಾಜ ಮಂಜುಳೆಯವರು ೨೦೨೨ರಲ್ಲಿ ‘ಝುಂಡ್’ ಎಂಬ ಚಲಚ್ಚಿತ್ರ ಮಾಡಿದರು. ಅಮಿತಾಭ್ ಬಚ್ಚನ್ನರು ಪಾತ್ರ ವಹಿಸಿದರು. ಆಗ ನಾವೂ ಟಿಕೀಟು ಕೊಂಡು ಕಣ್ಣೊರೆಸಿಕೊಂಡೆವು. ಪರದೆಯ ಮೇಲಿನ ಹುಡುಗನಿಗೆ ಚೆಂಡು ಏಕೆಂದು ಯಾರೂ ಕೇಳಲಿಲ್ಲ!

ಕೊನೆಗೆ ಮನೆಯ ಮಾತು. ೨೦೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಮನೆಯಿಲ್ಲದವರು ೧೭.೭ ಲಕ್ಷ ಮಂದಿ. ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ತಂಗಬಹುದಾದ, ಹಗಲಿರುಳೂ ತೆರೆದಿರುವ ಒಂದು ಆಶ್ರಯ ಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೧೦ರಲ್ಲಿ ಆಜ್ಞೆ ಮಾಡಿತು. ನಮ್ಮ ಬಡಾವಣೆಯಲ್ಲಿ ಅಂಥದೊಂದು ಎಲ್ಲಿದೆಯೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ನಮ್ಮ ಬೀದಿಯಲ್ಲೇ ಕಟ್ಟುತ್ತಾರೆಂದರೆ ಅರ್ಜಿ ಬರೆದು ತಡೆಯಲು ಎಷ್ಟು ಮಂದಿ ಸಹಿ ಹಾಕಿಯೇವು? ‘ಮೊದಲು ಮನೆ, ಆಮೇಲೆ ಆಟ’ ಎನ್ನುವ ಹಕ್ಕು ಮನೆ ಕೊಡಲು ಹೊರಟವನಿಗೆ ಉಂಟು. ಎರಡನ್ನೂ ಕೊಡದವನ ಬಾಯಲ್ಲಿ ಅದು ವಿವೇಕವಲ್ಲ, ಜಿಪುಣತನಕ್ಕೆ ಹೊದಿಸಿದ ಶಾಲು.

ಲೆಕ್ಕ ಬೇಕಾದವರು ಲೆಕ್ಕವನ್ನೇ ನೋಡಲಿ. ೨೨ ಮೀಟರು ಉದ್ದ, ೧೬ ಮೀಟರು ಅಗಲದ ಆ ಕಣವೆಂದರೆ ನಮ್ಮ ನಲವತ್ತು-ಅರವತ್ತು ಅಡಿಯ ನಿವೇಶನ ಒಂದೂವರೆಗಿಂತ ತುಸು ಹೆಚ್ಚು, ಅಷ್ಟೆ. ಊರ ನಡುವೆ, ಎಲ್ಲರ ಕಣ್ಣೆದುರಿಗೆ, ವರ್ಷಕ್ಕೆ ಒಂದು ವಾರ ಅಷ್ಟು ಜಾಗವನ್ನು ಮನೆಯಿಲ್ಲದವರ ಆಟಕ್ಕೆ ಬಿಟ್ಟುಕೊಡಲು ನಮ್ಮ ಯಾವ ನಗರಸಭೆ ಸಿದ್ಧವಿದೆ? ಅದೇ ಸಭೆಯಲ್ಲಿ, ಅದೇ ದಿನ, ಆಶ್ರಯಗಳ ಲೆಕ್ಕವನ್ನೂ ಕೇಳೋಣ.