ತಕ್ದೀರ್‌ನ ಹೆಸರಿನಲ್ಲಿ ಗಂಟಲನ್ನು ಬಲಿಕೊಡದಿರೋಣ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ನಮ್ಮ ಸಹೋದರರನ್ನು ದವಡೆಯಲ್ಲಿ ಗುಟ್ಕಾ ಏಕೆಂದು ಕೇಳಿದರೆ, ಘಾಟು ತಡೆಯಲು ಎನ್ನುತ್ತಾರೆ. ರಾಣೆಬೆನ್ನೂರಿನ ಗ್ಯಾರೇಜುಗಳಲ್ಲಿ ದುಡಿಯುವ ಯುವಕರು ಹಸಿವು ಮರೆಯಲು ಎನ್ನುತ್ತಾರೆ. ಹಾವೇರಿಯ ವಲೀಮಾದಲ್ಲಿ ಊಟದ ಬಳಿಕ ತಂಬಾಕಿನ ಬೀಡಾ ಹಂಚುವವರು ಅದು ಆತಿಥ್ಯ ಎನ್ನುತ್ತಾರೆ. ರೋಗ ಬಂದ ಮೇಲೆ ಮಾತ್ರ ಎಲ್ಲರದೂ ಒಂದೇ ಉತ್ತರ: ತಕ್ದೀರ್! ಈ ಉತ್ತರವನ್ನು ನಾವು ಒಪ್ಪಲಾರೆವು.

ತಕ್ದೀರ್‌ನಲ್ಲಿ ವಿಶ್ವಾಸವಿಡುವುದು ಈಮಾನಿನ ಭಾಗ. ಅದನ್ನು ಉದಾಸೀನಕ್ಕೆ ಹೊದಿಕೆಯಾಗಿಸುವುದು ಈಮಾನ್ ಅಲ್ಲ. ಸಿರಿಯಾದಲ್ಲಿ ಪ್ಲೇಗ್ ಹರಡಿದಾಗ ಖಲೀಫಾ ಉಮರ್(ರ) ಆ ನಾಡನ್ನು ಪ್ರವೇಶಿಸದೆ ಹಿಂದಿರುಗಿದರು. ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂದು ಕೇಳಿದವರಿಗೆ, ತಾವು ಸಾಗುತ್ತಿರುವುದೂ ಅವನ ವಿಧಿಯ ಕಡೆಗೇ ಎಂದು ತಿಳಿಹೇಳಿದರು.

"ಅದು ಮಕ್ರೂಹ್ ಅಷ್ಟೇ, ಹರಾಮ್ ಅಲ್ಲವಲ್ಲ" ಎಂಬುದು ಇನ್ನೊಂದು ವಾದ. ತಂಬಾಕಿನ ಹಾನಿ ಇಷ್ಟು ಸ್ಪಷ್ಟವಾಗಿ ತಿಳಿಯದಿದ್ದ ಕಾಲದ ಮಾತನ್ನು ಇಂದು ಗುರಾಣಿ ಮಾಡಿಕೊಳ್ಳುವುದು ಸರಿಯೇ? ಧೂಮಪಾನವು ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಮುಖ್ಯ ಕಾರಣವೆಂಬುದು ಇಂದು ಸಿದ್ಧವಾದ ಸತ್ಯ. ತಂಬಾಕು ಸೇರದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ನಾವು ಪಾನ್ ಮಸಾಲಾ ಮತ್ತು ತಂಬಾಕಿನ ಎರಡು ಚೀಟಿ ಕೊಂಡು ಅಂಗೈಯಲ್ಲೇ ಬೆರೆಸಿದೆವು. ವಂಚಿಸಿದ್ದು ಸರಕಾರವನ್ನೋ, ನಮ್ಮನ್ನೋ? ಹಸಿ ಬೆಳ್ಳುಳ್ಳಿ ತಿಂದವರು ಮಸೀದಿಯಿಂದ ದೂರವಿರಬೇಕೆಂದು ಪ್ರವಾದಿ(ಸ) ಕಲಿಸಿದರು. ನಾವಾದರೋ ಗುಟ್ಕಾ ಉಗುಳಿ, ಎರಡು ಗುಟುಕು ನೀರು ಮುಕ್ಕಳಿಸಿ ಸಫ್‌ನಲ್ಲಿ ನಿಲ್ಲುತ್ತೇವೆ.

ಇನ್ನು ಭಯದ ಮಾತು. "ಕ್ಯಾನ್ಸರ್ ಬಂದರೆ ಮುಗಿಯಿತು, ಪರೀಕ್ಷಿಸಿ ಏನು ಪ್ರಯೋಜನ?" ಎನ್ನುವವರಿಗೆ ನೆರೆಯ ಕೇರಳವೇ ಉತ್ತರ ಕೊಟ್ಟಿದೆ. 1996ರಲ್ಲಿ ತಿರುವನಂತಪುರ ಜಿಲ್ಲೆಯಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ 35 ವರ್ಷ ದಾಟಿದ 1,90,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು, ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬಾಯಿಯ ತಪಾಸಣೆಯನ್ನು ಏರ್ಪಡಿಸಲಾಯಿತು. ಅವರ ಬಾಯಿಯನ್ನು ನೋಡಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. 2005ರಲ್ಲಿ ಬಂದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು. ಬಾಯಿ ತೆರೆದು ತೋರಿಸಿದ್ದರಿಂದಲೇ ಜೀವಗಳು ಉಳಿದವು. ನಾವೋ ಜನಾಝಾ ನಮಾಝಿಗೆ ಸೇರುವಷ್ಟು ಉತ್ಸಾಹವನ್ನು ತಪಾಸಣೆಗೆ ತೋರುವುದಿಲ್ಲ.

ಮೂರು ವಾರ ಕಳೆದರೂ ಸರಿಹೋಗದ ಸ್ವರದ ಒಡಕು, ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕತ್ತಿನ ಗಂಟು, ನುಂಗುವಾಗಿನ ನೋವು, ದಿನೇ ದಿನೇ ಕಿರಿದಾಗುವ ಬಾಯಿ: ಇವು ಕಷಾಯ ಕುಡಿದು ಕಾಯುವ ಲಕ್ಷಣಗಳಲ್ಲ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಆರಂಭದಲ್ಲೇ ಸಿಕ್ಕರೆ ಸ್ವರ ಉಳಿಸಿಕೊಂಡೇ ಗುಣಪಡಿಸಲು ಬಹುಪಾಲು ಸಾಧ್ಯ. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಅಝಾನ್ ಕೊಡುವ, ಕುರ್‌ಆನ್ ಓದುವ, ಮಕ್ಕಳನ್ನು ಹೆಸರಿಟ್ಟು ಕರೆಯುವ ಸ್ವರವು ಅಲ್ಲಾಹನ ಅಮಾನತ್ ಅಲ್ಲವೇ?

ಆದ್ದರಿಂದ ನಮ್ಮ ಜಮಾಅತ್‌ಗಳಿಗೆ ನೇರವಾಗಿ ಹೇಳುತ್ತೇವೆ. ನಿಕಾಹ್ ಮತ್ತು ವಲೀಮಾಗಳಲ್ಲಿ ತಂಬಾಕು, ಅಡಿಕೆ ಹಂಚುವುದನ್ನು ನಿಲ್ಲಿಸಿರಿ. ಮಸೀದಿಯ ಅಂಗಳದಲ್ಲಿ ವರ್ಷಕ್ಕೊಮ್ಮೆಯಾದರೂ ಬಾಯಿ ತಪಾಸಣೆ ಏರ್ಪಡಿಸಿರಿ. ಎಲೆ ಅಡಿಕೆ ಜಗಿಯುವ ನಮ್ಮ ತಾಯಂದಿರಿಗೆ ಪ್ರತ್ಯೇಕ ವ್ಯವಸ್ಥೆ ಇರಲಿ. ಸಂಶಯವಿದ್ದವರನ್ನು ಹಾವೇರಿಯ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಕರೆದೊಯ್ಯಲು ಬೈತುಲ್‌ಮಾಲ್‌ನಿಂದ ನೆರವಾಗಿರಿ. ಇದನ್ನು ಬೋಧಿಸಬೇಕಾದ ನಾವು ಉಸ್ತಾದರೂ ಮೊದಲು ನಮ್ಮ ಜೇಬಿನ ಚೀಟಿಯನ್ನು ಎಸೆಯೋಣ.

ಅಲ್ಲಾಹನು ನಮ್ಮ ಸ್ವರಗಳನ್ನು ಅವನ ಸ್ಮರಣೆಗಾಗಿ ಉಳಿಸಲಿ. ಆಮೀನ್.